ದಿನಕ್ಕೊಂದು ಮಾತ್ರೆ, ಜೊತೆಗೊಂದು ನೋಟ್ ಪುಸ್ತಕ

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಶಾಲೆಯ ನೆನಪುಗಳನ್ನು ಹೇಳಬೇಕೆಂದು ಸಂಘಟಕರು ಕೇಳಿಕೊಂಡಿದ್ದರು. ಆದರೆ ನಮ್ಮ ಬ್ಯಾಚಿನ ಹೆಣ್ಣುಮಕ್ಕಳು ಸೇರಿದಾಗಲೆಲ್ಲ ಮಾತು ಕೊನೆಗೆ ಬಂದು ನಿಲ್ಲುವುದು ಥೈರಾಯ್ಡಿನಲ್ಲಿ. ಹಾಗಾಗಿ ಅದನ್ನೇ ಹೇಳುತ್ತೇನೆ. ನಾನು ಡಾಕ್ಟರಲ್ಲ, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ಹದಿನೆಂಟು ವರ್ಷದಿಂದ ಈ ಮಾತ್ರೆ ತಿನ್ನುತ್ತಿರುವ ರೋಗಿ.

ನನಗಾಗ ನಲವತ್ತೊಂದು. ಏಪ್ರಿಲ್ ತಿಂಗಳ ಸೆಕೆಯಲ್ಲಿ ಎಲ್ಲರೂ ಬೀಸಣಿಗೆ ಹಿಡಿದಿದ್ದರೆ ನಾನು ಶಾಲು ಹೊದ್ದು ಕೂರುತ್ತಿದ್ದೆ. ಮೈ ದಪ್ಪವಾಯಿತು, ಕೂದಲು ಉದುರಿತು, ಸ್ವರ ಒರಟಾಯಿತು. ಬೆಳಿಗ್ಗೆ ಏಳುವಾಗಲೇ ಸುಸ್ತು. ಅಮ್ಮ ದೃಷ್ಟಿ ತೆಗೆದರು. ನಾನು ವಯಸ್ಸಾಯಿತು ಅಂದುಕೊಂಡೆ. ಕೊನೆಗೆ ರಕ್ತ ಪರೀಕ್ಷೆಯಲ್ಲಿ ವಿಷಯ ಗೊತ್ತಾಯಿತು. ಮಾತ್ರೆ ಶುರುವಾಗಿ ಕೆಲವು ತಿಂಗಳಲ್ಲಿ ಮೊದಲಿನಂತಾದೆ.

ಅಲ್ಲೇ ನಾನು ತಪ್ಪಿದ್ದು. ಗುಣವಾಯಿತಲ್ಲ, ಇನ್ನು ಯಾಕೆ ಎಂದು ಮಾತ್ರೆ ನಿಲ್ಲಿಸಿಬಿಟ್ಟೆ. ಯಾರೂ ನಿಲ್ಲಿಸು ಅನ್ನಲಿಲ್ಲ, ನಾನೂ ಯಾರನ್ನೂ ಕೇಳಲಿಲ್ಲ. ನಾಲ್ಕೈದು ತಿಂಗಳು ಕಳೆದಿರಬೇಕು. ಒಂದು ದಿನ ಮಗ್ಗಿ ಹೇಳಿಸುತ್ತಿದ್ದವಳು ಕುರ್ಚಿಯಲ್ಲೇ ತೂಕಡಿಸಿದೆ. ಮುಂದಿನ ಬೆಂಚಿನ ಹುಡುಗಿ ಹತ್ತಿರ ಬಂದು, "ಟೀಚರ್, ನಿಮಗೆ ಹುಷಾರಿಲ್ಲವಾ?" ಎಂದು ಕೇಳಿದಳು. ವರ್ಷವಿಡೀ ಪಾಠ ಹೇಳಿದ ಆ ಮಗುವಿನ ಹೆಸರು ನನಗೆ ಆ ಕ್ಷಣ ನೆನಪಿಗೆ ಬರಲಿಲ್ಲ. ಆ ಹೆದರಿಕೆ ಇಂದಿಗೂ ಹೋಗಿಲ್ಲ. ಪರೀಕ್ಷೆ ಮಾಡಿಸಿದರೆ ಟಿ.ಎಸ್.ಎಚ್. 38!

ಈ ಟಿ.ಎಸ್.ಎಚ್. ಅಂದರೇನು? ಮಕ್ಕಳಿಗೆ ಹೇಳುವ ಹಾಗೆ ಹೇಳುತ್ತೇನೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಹೆಡ್‌ಮಾಸ್ಟರು. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಕೆಲಸ ಮಾಡಬೇಕಾದ ಹುಡುಗ. ಹುಡುಗ ಚುರುಕಾಗಿದ್ದರೆ ಮೆಲುದನಿಯಲ್ಲಿ ಕರೆದರೆ ಸಾಕು. ಏಳದಿದ್ದರೆ ಹೆಡ್‌ಮಾಸ್ಟರ ದನಿ ಏರುತ್ತದೆ. ಆ ದನಿಯೇ ಟಿ.ಎಸ್.ಎಚ್. ಸಾಮಾನ್ಯವಾಗಿ ಅದು 0.4ರಿಂದ 4ರ ಆಸುಪಾಸಿನಲ್ಲಿರಬೇಕು. ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ವ್ಯತ್ಯಾಸವಿರುತ್ತದೆ. ನಾವು ನುಂಗುವ ಲೆವೊಥೈರಾಕ್ಸಿನ್ ಹುಡುಗನನ್ನು ಎಬ್ಬಿಸುವುದಿಲ್ಲ, ಅವನ ಕೆಲಸವನ್ನು ತಾನು ಮಾಡುತ್ತದೆ. ಅದಕ್ಕೇ ನಮ್ಮಲ್ಲಿ ಹೆಚ್ಚಿನವರಿಗೆ ಅದು ಜೀವಮಾನವಿಡೀ ಬೇಕು.

"ನಾವು ಮೀನು ತಿನ್ನುವವರು, ನಮಗೂ ಬರುತ್ತದಾ?" ಎಂದು ಕೇಳುತ್ತಾರೆ. ಬರುತ್ತದೆ. ಅಯೋಡಿನ್ ಉಪ್ಪು ಮನೆಮನೆಗೆ ಬಂದ ಮೇಲೆ ಹೆಚ್ಚಾಗಿ ಕಾಣುವ ಕಾರಣ ಬೇರೆ. ನಮ್ಮ ದೇಹದ ರಕ್ಷಣಾ ವ್ಯವಸ್ಥೆಯೇ ಈ ಗ್ರಂಥಿಯ ಮೇಲೆ ದಾಳಿ ಮಾಡುತ್ತದೆ. 1912ರಲ್ಲಿ ಇದನ್ನು ಮೊದಲು ವಿವರಿಸಿದವರು ಜಪಾನಿನ ಡಾಕ್ಟರ್ ಹಶಿಮೊಟೊ. ಹಾಗೆಂದು ಅಯೋಡಿನ್ ಉಪ್ಪು ಬಿಡಬಾರದು. ಬೇಯಿಸಿದ ಕ್ಯಾಬೇಜನ್ನು ಹಿತಮಿತವಾಗಿ ತಿಂದರೆ ತೊಂದರೆಯಿಲ್ಲ.

ನನ್ನ ಎರಡನೇ ಪಾಠ ಕೆಲವು ವರ್ಷಗಳ ನಂತರದ್ದು. ಒಂದು ದಿನವೂ ಬಿಡದೆ ಮಾತ್ರೆ ತಿಂದರೂ ಟಿ.ಎಸ್.ಎಚ್. 9 ಬಂತು. ಡೋಸ್ ಹೆಚ್ಚಿಸುವ ಮೊದಲು ಡಾಕ್ಟರು, "ಹೇಗೆ ತಿನ್ನುತ್ತೀರಿ?" ಎಂದು ಕೇಳಿದರು. ಚಾದ ಜೊತೆ, ಮೂಳೆಗೆ ಕೊಟ್ಟ ಕ್ಯಾಲ್ಸಿಯಂ ಮಾತ್ರೆಯನ್ನೂ ಸೇರಿಸಿ, ಒಂದೇ ಗುಟುಕಿಗೆ! ಅವರು ನಕ್ಕು ಸಮಯ ಬದಲಿಸಿದರು, ಡೋಸ್ ಬದಲಿಸಲಿಲ್ಲ. ಎರಡು ತಿಂಗಳಲ್ಲಿ ಸರಿಯಾಯಿತು.

ಆದ್ದರಿಂದ ನೆನಪಿಡಿ. ಬೆಳಿಗ್ಗೆ ಖಾಲಿ ಹೊಟ್ಟೆಗೆ, ಬರೀ ನೀರಿನಲ್ಲಿ. ಚಾ, ಕಾಫಿ, ತಿಂಡಿಗೆ ಅರ್ಧದಿಂದ ಒಂದು ಗಂಟೆ ಬಿಡಿ. ಕ್ಯಾಲ್ಸಿಯಂ, ಕಬ್ಬಿಣಾಂಶದ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ. ಬಾಟಲಿ ಬಿಸಿಲು, ತೇವ ತಾಗದ ಕಡೆ ಇರಲಿ. ಒಲೆಯ ಮೇಲಿನ ಶೆಲ್ಫ್ ಬೇಡ. ಡೋಸ್ ಬದಲಾದರೆ ಆರರಿಂದ ಎಂಟು ವಾರ ಬಿಟ್ಟು ಪರೀಕ್ಷೆ. ಅದಕ್ಕೆ ಮೊದಲು ರಕ್ತದಲ್ಲಿ ಲೆಕ್ಕ ನಿಲ್ಲುವುದಿಲ್ಲ. ಸ್ಥಿರವಾದ ಮೇಲೆ ಡಾಕ್ಟರು ಹೇಳಿದಂತೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ. ಕೂದಲಿಗೆಂದು ಬಯೋಟಿನ್ ತಿನ್ನುವವರು ಪರೀಕ್ಷೆಗೆ ಮೊದಲೇ ಹೇಳಿಬಿಡಿ; ಅದು ಫಲಿತಾಂಶವನ್ನೇ ತಪ್ಪಾಗಿಸಬಹುದು.

ಸುಸ್ತಾಯಿತೆಂದು ನೀವೇ ಒಂದಕ್ಕೆರಡು ನುಂಗಬೇಡಿ. ಹೆಚ್ಚಾದರೆ ಎದೆ ಡವಡವ ಅನ್ನುತ್ತದೆ, ವಯಸ್ಸಾದವರ ಮೂಳೆ ಸವೆಯುತ್ತದೆ. ಮದುವೆಯಾದ ಹೆಣ್ಣುಮಕ್ಕಳಿಗೆ ಒಂದು ಮಾತು. ಗರ್ಭಿಣಿಯೆಂದು ತಿಳಿದ ಕೂಡಲೇ ಡಾಕ್ಟರಿಗೆ ತಿಳಿಸಿ, ಪರೀಕ್ಷೆ ಮಾಡಿಸಿ. ಮೊದಲ ತಿಂಗಳುಗಳಲ್ಲಿ ಮಗುವಿನ ಮೆದುಳಿನ ಬೆಳವಣಿಗೆಗೆ ತಾಯಿಯ ಹಾರ್ಮೋನೇ ಆಧಾರ. ಆಗ ಮಾತ್ರೆ ಬಿಡುವುದು ಎಂದಿಗೂ ಸಲ್ಲದು.

ಈ ಶಾಲೆಯ ವಿಜ್ಞಾನ ಮಾಸ್ಟ್ರು ಪ್ರಯೋಗ ಪುಸ್ತಕದಲ್ಲಿ ತಾರೀಕು ಹಾಕದಿದ್ದರೆ ಸಹಿ ಮಾಡುತ್ತಿರಲಿಲ್ಲ. "ಬರೆಯದ್ದು ನೋಡಿದ್ದಲ್ಲ" ಅನ್ನುತ್ತಿದ್ದರು. ನನ್ನ ಹತ್ತಿರ ಈಗ ನೂರು ಪುಟದ ಒಂದು ನೋಟ್ ಪುಸ್ತಕವಿದೆ. ತಾರೀಕು, ಡೋಸ್, ಟಿ.ಎಸ್.ಎಚ್., ತೂಕ, ಹೊಸದಾಗಿ ಶುರುವಾದ ಔಷಧಿ, ಇಷ್ಟೇ ಅದರಲ್ಲಿ. ಊರು ಬದಲಾಗಲಿ, ಡಾಕ್ಟರು ಬದಲಾಗಲಿ, ಅದನ್ನು ಮುಂದಿಟ್ಟರೆ ಸಾಕು. ಎರಡು ನಿಮಿಷದಲ್ಲಿ ಅವರಿಗೆ ಎಲ್ಲ ಅರ್ಥವಾಗುತ್ತದೆ.

1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ಡಾಕ್ಟರು ಕುರಿಯ ಥೈರಾಯ್ಡಿನ ಸಾರ ಕೊಟ್ಟು ಒಬ್ಬ ಹೆಂಗಸನ್ನು ಉಳಿಸಿದರು. ಆಕೆ ಮತ್ತೆ 28 ವರ್ಷ ಬದುಕಿದಳು. ಅದಕ್ಕೆ ಮೊದಲು ಈ ಕಾಯಿಲೆಗೆ ಮದ್ದೇ ಇರಲಿಲ್ಲ. ಇವತ್ತು ನಮಗೆ ಬೇಕಾದದ್ದು ಒಂದು ಸಣ್ಣ ಮಾತ್ರೆ, ಸ್ವಲ್ಪ ಶಿಸ್ತು.

ಶಿಕ್ಷಕ ಮಿತ್ರರೇ, ಚೆನ್ನಾಗಿ ಓದುತ್ತಿದ್ದ ಮಗು ಇದ್ದಕ್ಕಿದ್ದಂತೆ ಮಂಕಾದರೆ, ಬೆಳವಣಿಗೆ ನಿಧಾನವಾದರೆ ಸೋಮಾರಿ ಎಂದು ಬೈಯುವ ಮೊದಲು ಮನೆಯವರಿಗೆ ಒಂದು ಮಾತು ಹೇಳಿ, ಪರೀಕ್ಷೆ ಮಾಡಿಸಲಿ. ಅಂದು ನನ್ನನ್ನು ಬೈಯದೆ, ನಗದೆ, ಹುಷಾರಿಲ್ಲವಾ ಎಂದು ಕೇಳಿದ್ದು ಒಂದು ಮಗು. ಆ ಮಗುವಿನ ಹೆಸರು ಮತ್ತೆ ನಾನು ಮರೆತಿಲ್ಲ.