ಜುಮಾ ಖುತ್ಬಾ ಸಾರಾಂಶ: ರಣಹದ್ದಿನ ರಿಝ್ಕ್ ಮತ್ತು ನಮ್ಮ ಹೊಣೆ

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರು ಮತ್ತು ಸಹಾಬಿಗಳ ಮೇಲೆ ಅಲ್ಲಾಹನ ಶಾಂತಿ, ಅನುಗ್ರಹಗಳಿರಲಿ.

ಸತ್ಯವಿಶ್ವಾಸಿ ಸಹೋದರರೇ,

ಭೂಮಿಯ ಮೇಲಿನ ಪ್ರತಿಯೊಂದು ಜೀವಿಯ ರಿಝ್ಕ್, ಅಂದರೆ ಅನ್ನಾಧಾರ, ಅಲ್ಲಾಹನ ಹೊಣೆಯೆಂದು ಸೂರಃ ಹೂದ್‌ನ 6ನೇ ಆಯತ್ ತಿಳಿಸುತ್ತದೆ. ರೆಕ್ಕೆ ಬಿಚ್ಚಿ ಹಾರುವ ಹಕ್ಕಿಗಳೂ ನಮ್ಮಂತೆಯೇ ಸಮುದಾಯಗಳು ಎಂಬುದು ಸೂರಃ ಅಲ್ ಅನ್‌ಆಮ್‌ನ 38ನೇ ಆಯತ್ ಕಲಿಸುವ ಪಾಠ. ಹಕ್ಕಿ ಎಂದೊಡನೆ ನಮಗೆ ಪಾರಿವಾಳ, ಗುಬ್ಬಚ್ಚಿ ನೆನಪಾಗುತ್ತವೆ. ರಣಹದ್ದಿನ ಹೆಸರೆತ್ತಿದರೆ ಮುಖ ಸಿಂಡರಿಸುತ್ತೇವೆ, ಅಪಶಕುನ ಎನ್ನುವವರೂ ಇದ್ದಾರೆ. ಶಕುನ ನೋಡುವುದನ್ನು ಪ್ರವಾದಿ(ಸ)ರು ತಿರಸ್ಕರಿಸಿದ್ದಾರೆ ಎಂಬುದನ್ನು ಮೊದಲು ನೆನಪಿಡೋಣ.

ತಾನಾಗಿ ಸತ್ತ ಪ್ರಾಣಿಯ ಮಾಂಸ ನಮಗೆ ಹರಾಮ್. ಅದನ್ನೇ ಅಲ್ಲಾಹನು ರಣಹದ್ದಿಗೆ ರಿಝ್ಕ್ ಆಗಿ ಕೊಟ್ಟಿದ್ದಾನೆ. ನಾವು ಮೂಗು ಮುಚ್ಚಿಕೊಂಡು ದೂರ ಸರಿಯುವುದನ್ನು ಅದು ತಿಂದು ನೆಲವನ್ನು ಶುಚಿ ಮಾಡುತ್ತದೆ. ನೆರಡಿಯಂಥ ರೋಗದ ಕ್ರಿಮಿಗಳನ್ನೂ ತಾಳಿಕೊಳ್ಳುವಷ್ಟು ತೀಕ್ಷ್ಣ ಆಮ್ಲ ಅದರ ಹೊಟ್ಟೆಯಲ್ಲಿದೆ. ಶುಚಿತ್ವವನ್ನು ಈಮಾನಿನ ಭಾಗವೆಂದು ನಂಬುವ ನಾವು ಈ ಕೆಲಸಗಾರನನ್ನು ಹೀನಾಯವಾಗಿ ಕಾಣುವುದು ಹೇಗೆ?

ಈ ಹಕ್ಕಿ ನಮಗೆ ದೂರದ್ದಲ್ಲ. ರಾಮನಗರದಿಂದ ಮಾಗಡಿ, ನಮ್ಮ ದೇವರಾಯನದುರ್ಗ, ಮಧುಗಿರಿ, ಪಾವಗಡದ ಕಡೆಗೆ ಒಂದೇ ಬಂಡೆಬೆಟ್ಟಗಳ ಸಾಲು ಹಬ್ಬಿದೆ. ಆ ಸಾಲಿನ ರಾಮದೇವರಬೆಟ್ಟದ ಕಡಿದಾದ ಬಂಡೆಗಳಲ್ಲಿ ಉದ್ದಕೊಕ್ಕಿನ ರಣಹದ್ದು ಗೂಡು ಕಟ್ಟುತ್ತದೆ. 'ಶೋಲೆ' ಚಿತ್ರ ತೆಗೆದ ಬೆಟ್ಟ ಎಂದರೆ ಎಲ್ಲರಿಗೂ ಗೊತ್ತು. 2012ರಲ್ಲಿ ಅಲ್ಲಿನ ಸುಮಾರು 346 ಹೆಕ್ಟೇರ್ ಪ್ರದೇಶವನ್ನು ಸರಕಾರ ರಣಹದ್ದು ಧಾಮವೆಂದು ಘೋಷಿಸಿತು. ಈಗ ಅಲ್ಲಿ ಉಳಿದಿರುವುದು ಬೆರಳೆಣಿಕೆಯ ಹಕ್ಕಿಗಳು. ಆಹಾರ ಹುಡುಕುತ್ತಾ ರಣಹದ್ದು ಒಂದೇ ದಿನದಲ್ಲಿ ಹತ್ತಾರು ಮೈಲಿ ಹಾರುತ್ತದೆ. ಅದಕ್ಕೆ ತಾಲ್ಲೂಕಿನ ಗಡಿ ಗೊತ್ತಿಲ್ಲ. ಕುಣಿಗಲ್, ಹುಲಿಯೂರುದುರ್ಗದ ಬಯಲು ಅದರ ರೆಕ್ಕೆಗೆ ದೂರವಲ್ಲ.

ಈ ಹಕ್ಕಿಗಳಿಗೆ ಏನಾಯಿತು? 1990ರ ದಶಕದಲ್ಲಿ ಇಡೀ ಭಾರತದಲ್ಲಿ ರಣಹದ್ದುಗಳು ಸಾಲುಸಾಲಾಗಿ ಸತ್ತವು. ಕೆಲವು ಜಾತಿಗಳಲ್ಲಿ 100ಕ್ಕೆ 95ಕ್ಕೂ ಹೆಚ್ಚು ಕಣ್ಮರೆಯಾದವು. ಯಾರೂ ಬೇಟೆಯಾಡಲಿಲ್ಲ, ಯಾರೂ ಬಲೆ ಬೀಸಲಿಲ್ಲ. ಪಾಕಿಸ್ತಾನದಲ್ಲಿ ನಡೆದ ಸಂಶೋಧನೆಯೊಂದು 2004ರಲ್ಲಿ ಕಾರಣವನ್ನು ಬಯಲಿಗೆ ತಂದಿತು. ನೋವು, ಬಾವಿಗೆ ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಮದ್ದೇ ಆ ಕಾರಣ. ಚುಚ್ಚುಮದ್ದು ಪಡೆದ ದನ ಕೆಲವೇ ದಿನಗಳಲ್ಲಿ ಸತ್ತರೆ ಮದ್ದು ಮಾಂಸದಲ್ಲಿ ಉಳಿದಿರುತ್ತದೆ. ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಡುತ್ತದೆ, ಯೂರಿಕ್ ಆಮ್ಲ ಒಳಾಂಗಗಳ ಮೇಲೆ ಸುಣ್ಣ ಬಳಿದಂತೆ ಕಟ್ಟಿಕೊಳ್ಳುತ್ತದೆ, ಹಕ್ಕಿ ಸಾಯುತ್ತದೆ. ನೂರಾರು ಸತ್ತ ದನಗಳಲ್ಲಿ ಒಂದರಲ್ಲಿ ಈ ಮದ್ದಿದ್ದರೂ ಈ ನಾಶಕ್ಕೆ ಸಾಕಿತ್ತು. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿ ಇಂಥ ನಷ್ಟವನ್ನು ಹೇಗೆ ತುಂಬಿಕೊಂಡೀತು?

ಅದರ ಫಲ ನಮ್ಮ ಬೀದಿಗೂ ಬಂತು. ಹದ್ದು ತಿನ್ನದ ಹೆಣ ಬೀದಿನಾಯಿಯ ಪಾಲಾಯಿತು, ನೀರು ಕೆಟ್ಟಿತು. ರಣಹದ್ದುಗಳು ಇಲ್ಲವಾದುದರಿಂದ 2000ರಿಂದ 2005ರ ನಡುವೆ ಭಾರತದಲ್ಲಿ ಸುಮಾರು 5 ಲಕ್ಷ ಹೆಚ್ಚುವರಿ ಸಾವು ಸಂಭವಿಸಿತು ಎಂದು 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ.

ಸಹೋದರರೇ, ಇಲ್ಲಿ ಯೋಚಿಸಬೇಕಾದ ಮಾತೊಂದಿದೆ. ಆ ಚುಚ್ಚುಮದ್ದು ಕೊಟ್ಟ ರೈತನ ನಿಯ್ಯತ್ ಕೆಟ್ಟದ್ದಾಗಿರಲಿಲ್ಲ. ಮೂಕಪ್ರಾಣಿಯ ನೋವು ನೋಡಲಾರದೆ ಕೊಟ್ಟ. ತಿಳಿಯದೆ ಆದ ಹಾನಿಗೆ ಅಲ್ಲಾಹನು ಕ್ಷಮಿಸುವವನು. ಆದರೆ ತಿಳಿದ ಮೇಲೆ? 2006ರಲ್ಲೇ ಸರಕಾರ ದನಗಳಿಗೆ ಈ ಮದ್ದನ್ನು ನಿಷೇಧಿಸಿತು. ಮನುಷ್ಯರಿಗಾಗಿ ಬರುವ ದೊಡ್ಡ ಬಾಟಲಿಯನ್ನೇ ತಂದು ದನಕ್ಕೆ ಚುಚ್ಚುವುದು ನಿಲ್ಲದ ಕಾರಣ 2015ರಲ್ಲಿ ಬಾಟಲಿಯ ಗಾತ್ರವನ್ನು 3 ಮಿ.ಲೀ.ಗೆ ಇಳಿಸಬೇಕಾಯಿತು. 2023ರಲ್ಲಿ ಕೀಟೊಪ್ರೊಫೆನ್, ಅಸೆಕ್ಲೋಫೆನಾಕ್ ಕೂಡ ದನಗಳಿಗೆ ನಿಷಿದ್ಧವಾದವು. ಅರಿವು ಬಂದ ಮೇಲೆ ಒಳ್ಳೆಯ ನಿಯ್ಯತ್ತಿನ ನೆಪ ಉಳಿಯುವುದಿಲ್ಲ. ವೈದ್ಯವಿದ್ಯೆ ತಿಳಿಯದೆ ಚಿಕಿತ್ಸೆಗೆ ಇಳಿದವನು ಆಗುವ ಹಾನಿಗೆ ಹೊಣೆಗಾರನೆಂದು ಪ್ರವಾದಿ(ಸ)ರು ಕಲಿಸಿದ್ದನ್ನು ಅಬೂದಾವೂದ್ ವರದಿ ಮಾಡಿದ್ದಾರೆ. ಯಾರಿಗೂ ಹಾನಿ ಮಾಡಬಾರದು, ಹಾನಿಗೆ ಪ್ರತಿಯಾಗಿಯೂ ಹಾನಿ ಮಾಡಬಾರದು ಎಂಬುದು ನಮ್ಮ ಶರೀಅತ್ತಿನ ಮೂಲ ನಿಯಮಗಳಲ್ಲೊಂದು.

ಈ ಮಸೀದಿಯಲ್ಲಿ ಹಸು ಸಾಕುವವರಿದ್ದಾರೆ, ಕುರಿ ವ್ಯಾಪಾರಿಗಳಿದ್ದಾರೆ, ಮೆಡಿಕಲ್ ಅಂಗಡಿಯವರಿದ್ದಾರೆ. ಗುಬ್ಬಿ, ಕುಣಿಗಲ್ ಕಡೆಯಿಂದ ಕೆಲಸದ ಮೇಲೆ ಬಂದು ಇಲ್ಲಿ ಜುಮಾ ನಿರ್ವಹಿಸುವವರೂ ಇದ್ದಾರೆ. ಎಲ್ಲರೂ ಸೇರಿ ಮಾಡಬಹುದಾದ ಕೆಲಸಗಳಿವು.

ಹಸುವಿಗೆ ಕೆಚ್ಚಲು ಬಾವು ಬಂದರೆ, ಎತ್ತು ಕುಂಟಿದರೆ ನಾವೇ ಸೂಜಿ ಹಿಡಿಯುವುದು ಬೇಡ. ಪಶು ಆಸ್ಪತ್ರೆಗೆ ಹೋಗೋಣ, ಇಲ್ಲವೇ 1962ಕ್ಕೆ ಕರೆ ಮಾಡೋಣ. ರಣಹದ್ದಿಗೆ ಅಪಾಯವಿಲ್ಲದ ಮೆಲೋಕ್ಸಿಕ್ಯಾಮ್ ಇದೆ. ಅದು ಆಗುತ್ತದೆಯೇ ಎಂದು ವೈದ್ಯರನ್ನು ಕೇಳೋಣ.

ಅಂಗಡಿ ಇಟ್ಟಿರುವ ಸಹೋದರರು, ದನಕ್ಕೆಂದು ಕೇಳಿದವರಿಗೆ ನಿಷೇಧಿತ ಮದ್ದು ಕೊಡದಿರಲಿ. ನೂರಿನ್ನೂರು ರೂಪಾಯಿ ಗಿರಾಕಿ ಕೈತಪ್ಪಬಹುದು. ಸಂಪಾದನೆ ಹಲಾಲ್ ಆಗಿ ಉಳಿಯುತ್ತದೆ, ಬರಕತ್ ಅದರಲ್ಲಿದೆ.

ನೋವಿನ ಮದ್ದು ಪಡೆದ ಪ್ರಾಣಿ ಸತ್ತರೆ ಅದನ್ನು ಕೆರೆ ದಂಡೆಯಲ್ಲಿ, ಬಯಲಲ್ಲಿ ಎಸೆಯದೆ ಆಳವಾಗಿ ಹೂಳೋಣ. ಹೂಳುವುದನ್ನು ಆದಮ್(ಅ)ರ ಮಗನಿಗೆ ಕಲಿಸಲು ಅಲ್ಲಾಹನು ಕಳುಹಿಸಿದ್ದು ಒಂದು ಕಾಗೆಯನ್ನು. ಹಕ್ಕಿಯಿಂದ ಕಲಿತದ್ದನ್ನು ಹಕ್ಕಿಯ ರಕ್ಷಣೆಗೆ ಬಳಸೋಣ.

ಬೆಟ್ಟಗಳಿಗೆ ಪ್ರವಾಸ ಹೋಗುವ ಯುವಕರು ಗೂಡಿರುವ ಬಂಡೆಗಳ ಬಳಿ ಕೂಗಾಡುವುದು, ಕಲ್ಲೆಸೆಯುವುದು ಬೇಡ. ಮರಿಗಳನ್ನು ಕಳೆದುಕೊಂಡು ಚಡಪಡಿಸುತ್ತಿದ್ದ ಹಕ್ಕಿಯೊಂದನ್ನು ಕಂಡು, ಅವನ್ನು ತಾಯಿಗೆ ಮರಳಿಸಿರೆಂದು ಸಹಾಬಿಗಳಿಗೆ ಆಜ್ಞಾಪಿಸಿದ ಪ್ರವಾದಿಯ ಉಮ್ಮತ್ತಿನವರು ನಾವು.

ರಿಝ್ಕ್ ಕೊಡುವವನು ಅಲ್ಲಾಹ್. ಅವನು ಇನ್ನೊಂದು ಜೀವಿಗೆ ಬಡಿಸಿದ ಎಲೆಗೆ ವಿಷ ಬೀಳದಂತೆ ನೋಡಿಕೊಳ್ಳುವುದು ನಮ್ಮ ಮೇಲಿರುವ ಅಮಾನತ್. ಕಿಯಾಮತ್ ದಿನ ಅದರ ಲೆಕ್ಕವನ್ನೂ ಕೊಡಬೇಕಾಗಿದೆ.

ಅಲ್ಲಾಹನೇ, ನಮ್ಮ ಅರಿವನ್ನು ಹೆಚ್ಚಿಸು, ಅರಿತಂತೆ ನಡೆಯುವ ತೌಫೀಕ್ ಕರುಣಿಸು. ನಮ್ಮ ದನಕರುಗಳಲ್ಲಿ, ಬೆಟ್ಟಬಯಲುಗಳಲ್ಲಿ ಬರಕತ್ ನೀಡು. ಆಮೀನ್.