ವಾತರಕ್ತದ ರೋಗಿಯ ಶುಶ್ರೂಷೆ



ಇಂಗ್ಲೆಂಡಿನ ವೈದ್ಯ ಥಾಮಸ್ ಸಿಡನ್‌ಹ್ಯಾಮನು ಗೌಟ್ ರೋಗವನ್ನು ಕುರಿತು 1683ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ತಾನೇ ಬಹುಕಾಲ ಆ ವ್ಯಥೆಯನ್ನು ಉಂಡವನಾದುದರಿಂದ, ನಡುರಾತ್ರಿಯಲ್ಲಿ ಹೆಬ್ಬೆರಳಿನ ನೋವು ರೋಗಿಯನ್ನು ಎಬ್ಬಿಸುವ ಬಗೆಯನ್ನೂ, ಹೊದಿಕೆಯ ಭಾರವನ್ನಾಗಲಿ ಕೋಣೆಯಲ್ಲಿ ನಡೆಯುವವರ ಹೆಜ್ಜೆಯ ಅದುರನ್ನಾಗಲಿ ಆತನು ತಾಳಲಾರದಿರುವುದನ್ನೂ ಅಲ್ಲಿ ವರ್ಣಿಸಿದ್ದಾನೆ. ವೈದ್ಯರಲ್ಲದ ನಮಗೆ, ಮನೆಮಂದಿಯ ಶುಶ್ರೂಷೆಯ ಮೊದಲ ಪಾಠವೇ ಇಲ್ಲಿದೆಯೆಂದು ತೋರುತ್ತದೆ.

ಆಯುರ್ವೇದವು ವಾತರಕ್ತವೆಂದು ಕರೆಯುವ ವ್ಯಾಧಿಯನ್ನು ಇದಕ್ಕೆ ಹೋಲಿಸುವುದುಂಟು. ಚರಕಸಂಹಿತೆಯು ಅದಕ್ಕೆ ಆಢ್ಯವಾತವೆಂಬ ಇನ್ನೊಂದು ಹೆಸರನ್ನೂ ಕೊಡುತ್ತದೆ, ಆಢ್ಯನೆಂದರೆ ಸಿರಿವಂತ. ಯೂರೋಪಿನವರೂ ಗೌಟನ್ನು ಅರಸರ ರೋಗವೆಂದೇ ಕರೆದರು. ಈ ಬಿರುದಿನಿಂದ ರೋಗಿಗೆ ಲಾಭವೇನೂ ಆಗಿಲ್ಲ. ತಿಂದು ಕುಡಿದು ತಂದುಕೊಂಡ ಬೇನೆಯೆಂಬ ನಗೆ ಮಾತ್ರ ಆತನ ಪಾಲಿಗೆ ಬಂದಿದೆ. ವಾಸ್ತವವಾಗಿ, ರಕ್ತದಲ್ಲಿ ಯೂರಿಕ್ ಆಮ್ಲವು ಹೆಚ್ಚಿ ಅದರ ಸೂಜಿಯಂಥ ಹರಳುಗಳು ಕೀಲಿನಲ್ಲಿ ನೆಲಸುವುದೇ ಕಾರಣ. ಮೂತ್ರಪಿಂಡಗಳು ಅದನ್ನು ಸಾಕಷ್ಟು ಹೊರಹಾಕದಿರುವುದು, ವಂಶಗುಣ, ಇವುಗಳ ಪಾಲು ಊಟದ ಪಾಲಿಗಿಂತ ದೊಡ್ಡದು.

ನೋವಿನ ದಿನಗಳಲ್ಲಿ ಪಾದವನ್ನು ದಿಂಬಿನ ಮೇಲೆ ಎತ್ತರಿಸಿ ಇರಿಸಬೇಕು. ಒಂದು ಪಕ್ಕವನ್ನು ಕೊಯ್ದು ತೆಗೆದ ರಟ್ಟಿನ ಪೆಟ್ಟಿಗೆಯನ್ನು ಅದರ ಮೇಲೆ ಬೋರಲು ಹಾಕಿದರೆ ಹೊದಿಕೆ ಕಾಲಿಗೆ ತಾಗದು. ಮಂಚಕ್ಕೆ ಯಾರೂ ತಗುಲಬಾರದು; ಮಕ್ಕಳಿರುವ ಮನೆಯಲ್ಲಿ ಇದು ಸುಲಭದ ಮಾತಲ್ಲ. ಎಣ್ಣೆ ಹಚ್ಚಿ ನೀವುವುದೂ ಬಿಸಿ ಶಾಖ ಕೊಡುವುದೂ ನಮ್ಮ ಹಿರಿಯರಿಗೆ ಸಹಜವಾಗಿ ತೋಚುವ ಉಪಚಾರ. ಉರಿಯುತ್ತಿರುವ ಕೀಲಿಗೆ ಎರಡೂ ಸಲ್ಲವು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಕಾಲು ಗಂಟೆಯಷ್ಟು ಇಟ್ಟು ತೆಗೆಯುವುದೇ ಹಿತ. ವೈದ್ಯರು ಕೊಟ್ಟ ನೋವಿನ ಮದ್ದನ್ನು ಮೊದಲ ದಿನವೇ ಆರಂಭಿಸಿದಷ್ಟೂ ಗುಣ ಹೆಚ್ಚು. ಜ್ವರವೂ ಚಳಿಯೂ ಕೂಡಿಬಂದರೆ, ಕೀಲಿಗೆ ಸೋಂಕು ತಗುಲಿರಬಹುದಾದುದರಿಂದ, ತಡಮಾಡದೆ ಅವರಿಗೆ ತೋರಿಸಬೇಕು.

ಪಥ್ಯದ ವಿಷಯದಲ್ಲಿ ನಮ್ಮ ಮನೆಗಳು ಅತಿಗೆ ಹೋಗುವುದುಂಟು. ಬೇಳೆಯ ಹುಳಿಯನ್ನೂ ಸೊಪ್ಪನ್ನೂ ನಿಲ್ಲಿಸಿ ರೋಗಿಯನ್ನು ಬರಿಯ ಗಂಜಿಗೆ ಕಟ್ಟಿಹಾಕುವುದು ಅನಾವಶ್ಯಕ. ದೂರವಿಡಬೇಕಾದವು ಮದ್ಯ, ಅದರಲ್ಲಿಯೂ ಬಿಯರು, ಪಿತ್ತಜನಕಾಂಗವೇ ಮೊದಲಾದ ಒಳಮಾಂಸ, ಸಕ್ಕರೆಯ ಪಾನೀಯ. ಹೃದಯ ಮೂತ್ರಪಿಂಡಗಳ ಕಾರಣದಿಂದ ವೈದ್ಯರು ತಡೆದಿರದಿದ್ದರೆ ನೀರು ಧಾರಾಳವಾಗಿರಲಿ.

ಶುಶ್ರೂಷೆ ಮಾಡುವವರಿಗೆ ನಿಜವಾಗಿ ಕಷ್ಟವಾದ ಕಾಲವೆಂದರೆ ನೋವು ಹೋದ ಮೇಲಿನದು. ವಾರ ಹತ್ತು ದಿನಗಳಲ್ಲಿ ಬಾವು ಇಳಿಯುತ್ತದೆ. ರೋಗಿ ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಾನೆ. ಹರಳುಗಳೋ ಅಲ್ಲಿಯೇ ಇರುತ್ತವೆ. ಆಲೋಪ್ಯೂರಿನಾಲ್‌ನಂಥ ಔಷಧದಿಂದ ರಕ್ತದ ಯೂರಿಕ್ ಆಮ್ಲವನ್ನು ಡೆಸಿಲೀಟರಿಗೆ 6 ಮಿಲಿಗ್ರಾಮಿಗಿಂತ ಕೆಳಗೆ ವರ್ಷಗಟ್ಟಲೆ ಇರಿಸಿದರೆ ಅವು ಮೆಲ್ಲಗೆ ಕರಗುತ್ತವೆ. ಮೊದಲ ತಿಂಗಳುಗಳಲ್ಲಿ ನೋವು ಮರಳಿ ಬರುವುದುಂಟು. ಔಷಧವೇ ಕೆಡುಕು ಮಾಡಿತೆಂದು ಅನೇಕರು ಆಗಲೇ ಅದನ್ನು ಬಿಡುತ್ತಾರೆ. ಹಾಗೆ ಬಿಡಕೂಡದು. ಮೈಮೇಲೆ ದದ್ದು ಎದ್ದರೆ ಮಾತ್ರ ಒಡನೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು.