ಹಗೆಗಳ ಕೂಟ: 1780



ಶ್ರೀರಂಗಪಟ್ಟಣದ ದರಿಯಾ ದೌಲತ್ತನ್ನು ನೋಡದ ಮೈಸೂರಿನವರು ವಿರಳ. ಆ ಮಂದಿರದ ಪಡುವಣ ಗೋಡೆಯ ಮೇಲೆ ಪೊಳ್ಳಿಲೂರು ಕಾಳಗದ ಚಿತ್ರವಿದೆ. ಪಲ್ಲಕ್ಕಿಯಲ್ಲಿ ಗಾಯಗೊಂಡು ಕುಳಿತ ಕರ್ನಲ್ ಬೇಲಿ, ಅವನ ಸುತ್ತ ಚೌಕಕಟ್ಟಿ ನಿಂತ ಕೆಂಪಂಗಿಯ ಸಿಪಾಯಿಗಳು, ಸಿಡಿಯುತ್ತಿರುವ ಮದ್ದಿನ ಬಂಡಿ, ಇವೆಲ್ಲವೂ ಕಣ್ಣಿಗೆ ಕಟ್ಟುವಂತಿವೆ. ಅದೇ ಗೋಡೆಯಲ್ಲಿ ಹೈದರಾಬಾದಿನ ನಿಜಾಮನ ದಂಡೂ ಉಂಟು. ಅದರ ಬಳಿ ಒಂದು ಹಂದಿಯನ್ನೂ ಒಂದು ಹಸುವನ್ನೂ ಬರೆದಿದ್ದಾರೆ. ಹಂದಿಯಂತೆ ನುಗ್ಗಿ ಬಂದು ಹಸುವಿನಂತೆ ಹಿಂದಿರುಗಿದನೆಂಬ ಪರಿಹಾಸ್ಯವು ಅದರ ತಾತ್ಪರ್ಯವೆಂದು ಅಲ್ಲಿಯವರು ಹೇಳುವುದುಂಟು. ಈ ಹಂದಿ ಹಸುಗಳ ಹಿಂದಿರುವ ಕಥೆಯನ್ನೇ ಈ ಹೊತ್ತು ತಮ್ಮ ಮುಂದೆ ಅರಿಕೆಮಾಡಬೇಕೆಂದಿದ್ದೇನೆ.

ದಕ್ಷಿಣದ ಮೂರು ದೊಡ್ಡ ಶಕ್ತಿಗಳಲ್ಲಿ ಒಬ್ಬರಿಗೊಬ್ಬರು ಮಿತ್ರರೆನ್ನುವಂಥವರು ಯಾರೂ ಇರಲಿಲ್ಲ. ಮರಾಠರು 1763ರಲ್ಲಿ ರಾಕ್ಷಸಭುವನದಲ್ಲಿ ನಿಜಾಮನ ಸೈನ್ಯವನ್ನು ಮುರಿದಿದ್ದರು. ನಿಜಾಮನು 1767ರಲ್ಲಿ ಹೈದರಾಲಿಯೊಡನೆ ಸೇರಿ ಇಂಗ್ಲಿಷರ ಮೇಲೆ ಹೋದವನು, ಮರುವರ್ಷವೇ ಇಂಗ್ಲಿಷರ ಕಡೆಗೆ ತಿರುಗಿಕೊಂಡನು. 1771ರಲ್ಲಿ ಮೇಲುಕೋಟೆಯ ಸಮೀಪದ ಚಿನಕುರಳಿಯಲ್ಲಿ ಮರಾಠರು ಹೈದರನ ದಂಡನ್ನು ಧ್ವಂಸಮಾಡಿದರು. ಅವನು ಪ್ರಾಣ ಉಳಿಸಿಕೊಂಡು ಪಟ್ಟಣ ಸೇರಿದ್ದೇ ಹೆಚ್ಚು. ಇಂಥ ಗಾಯಗಳು ಇನ್ನೂ ಹಸಿಯಾಗಿರುವಾಗಲೇ 1780ರ ಆದಿಯಲ್ಲಿ ಈ ಮೂವರೂ ಒಂದು ಪಕ್ಷವಾದರು.

ಹೀಗಾದುದಕ್ಕೆ ಕುಂಪಣಿಯ ವ್ಯವಹಾರವೇ ಮುಖ್ಯ ಕಾರಣ. 1769ರ ಮದರಾಸಿನ ಒಡಂಬಡಿಕೆಯಲ್ಲಿ ಪರಸ್ಪರ ಸಹಾಯದ ಮಾತು ಕೊಟ್ಟಿದ್ದ ಇಂಗ್ಲಿಷರು, ಮರಾಠರು ಮೈಸೂರಿನ ಮೇಲೆ ಬಿದ್ದಾಗ ಸುಮ್ಮನೆ ನೋಡುತ್ತಿದ್ದರು. ಹೈದರನು ಇದನ್ನು ಎಂದಿಗೂ ಮರೆಯಲಿಲ್ಲ. 1779ರಲ್ಲಿ ಅವನ ರಕ್ಷಣೆಯಲ್ಲಿದ್ದ ಫ್ರೆಂಚರ ಮಾಹೆಯನ್ನೂ ಅವರು ಹಿಡಿದುಕೊಂಡರು. ಪುಣೆಯಲ್ಲಿ ರಘುನಾಥರಾಯನ ಪಕ್ಷವನ್ನು ವಹಿಸಿ ಪೇಷ್ವೆಯ ಮನೆಯ ಜಗಳಕ್ಕೆ ಕೈಹಾಕಿದರು. ನಿಜಾಮನನ್ನು ಕೇಳದೆ ಅವನ ತಮ್ಮ ಬಸಾಲತ್ ಜಂಗನಿಂದ ಗುಂಟೂರು ಸೀಮೆಯನ್ನು ಪಡೆದರು. ಒಂದೇ ಕಾಲದಲ್ಲಿ ಮೂರು ಆಸ್ಥಾನಗಳನ್ನೂ ಕೆಣಕುವುದಕ್ಕೆ ಒಂದು ಬಗೆಯ ಅಪೂರ್ವ ಪ್ರತಿಭೆಯೇ ಬೇಕು!

ಏರ್ಪಾಡು ಕಾಗದದ ಮೇಲೆ ಬಲು ಸೊಗಸಾಗಿತ್ತು. ಹೈದರನು ಕರ್ಣಾಟಕದ ನವಾಬನ ಸೀಮೆಗೆ ಇಳಿಯತಕ್ಕದ್ದು. ನಿಜಾಮನು ಉತ್ತರ ಸರ್ಕಾರುಗಳ ಮೇಲೆ ಹೋಗತಕ್ಕದ್ದು. ನಾಗಪುರದ ಭೋಂಸ್ಲೆ ಕಟಕದ ದಾರಿಯಾಗಿ ಬಂಗಾಳವನ್ನು ಹೊಗತಕ್ಕದ್ದು. ಪುಣೆಯವರು ಪಶ್ಚಿಮದಲ್ಲಿ ಬೊಂಬಾಯಿಯ ದಂಡನ್ನು ತಡೆಯತಕ್ಕದ್ದು. ಹೈದರನು ಆಡಿದ ಮಾತಿನಂತೆ ಜುಲೈ ತಿಂಗಳಲ್ಲಿ ಚೆಂಗಮ ಕಣಿವೆಯನ್ನಿಳಿದನು. ಸೆಪ್ಟೆಂಬರ್ 10ನೆಯ ತಾರೀಖು ಪೊಳ್ಳಿಲೂರಿನಲ್ಲಿ ಬೇಲಿಯ ಸುಮಾರು 3,800 ಮಂದಿಯ ಪಡೆ ನಾಶವಾಯಿತು. ಕೆಲವೇ ಹರಿದಾರಿಗಳ ದೂರದಲ್ಲಿ ಕಂಚಿಯಲ್ಲಿದ್ದ ಸರ್ ಹೆಕ್ಟರ್ ಮನ್ರೋ ತನ್ನ ದೊಡ್ಡ ಫಿರಂಗಿಗಳನ್ನು ದೇವಸ್ಥಾನದ ಕೊಳಕ್ಕೆ ತಳ್ಳಿ ಮದರಾಸಿಗೆ ಓಡಿದನು.

ಉಳಿದವರು ಏನು ಮಾಡಿದರು? ಕಲ್ಕತ್ತೆಯಲ್ಲಿದ್ದ ವಾರನ್ ಹೇಸ್ಟಿಂಗ್ಸನು ಈ ಕೂಟದ ಹೊಲಿಗೆಯನ್ನು ಸೂಕ್ಷ್ಮವಾಗಿ ನೋಡಿದನು. ನಿಜಾಮನಿಗೆ ಬೇಕಾದದ್ದು ಗುಂಟೂರು. ಅದನ್ನು ಹಿಂದಕ್ಕೆ ಕೊಡಿಸಿದನು, ನಿಜಾಮನು ತಣ್ಣಗಾದನು. ಭೋಂಸ್ಲೆಗೆ ಬೇಕಾದದ್ದು ಹಣ. ಕಟಕದವರೆಗೆ ಬಂದಿದ್ದ ಅವನ ದಂಡು ಹಣ ಪಡೆದು ಬಂಗಾಳದ ಗೊಡವೆಯನ್ನು ಬಿಟ್ಟಿತು. ಮಹಾದಜಿ ಸಿಂಧ್ಯನ ಮಧ್ಯಸ್ಥಿಕೆಯಿಂದ 1782ರ ಮೇ 17ರಂದು ಸಾಲ್ಬಾಯಿಯ ಸಂಧಿಯಾಯಿತು. ಆ ಸಂಧಿಯಲ್ಲಿ, ಹೈದರನು ಗೆದ್ದ ಸೀಮೆಯನ್ನು ಬಿಟ್ಟುಕೊಡುವಂತೆ ಮಾಡುವ ಹೊಣೆಯನ್ನು ಅವನ ಮಿತ್ರರಾದ ಮರಾಠರೇ ಹೊತ್ತುಕೊಂಡರು. ಹೈದರನನ್ನು ಯಾರೂ ಕೇಳಲಿಲ್ಲ.

ನಾನಾ ಫಡನವೀಸನೊಬ್ಬನು ಮಾತ್ರ ಆ ಕಾಗದಕ್ಕೆ ಒಪ್ಪಿಗೆ ಹಾಕದೆ ತಿಂಗಳುಗಟ್ಟಲೆ ಕಾಲ ತಳ್ಳಿದನು. ಇದು ನಿಷ್ಠೆಯೋ ಚೌಕಾಸಿಯೋ ಎಂದು ಚರ್ಚೆ ನಡೆದಿದೆ. ಎರಡೂ ಇತ್ತೆಂದು ನನ್ನ ನಂಬಿಕೆ. ಡಿಸೆಂಬರ್ 7ರಂದು ಹೈದರನು ತೀರಿಕೊಂಡನು. ಆ ತಿಂಗಳು ಮುಗಿಯುವುದರೊಳಗಾಗಿ ನಾನಾ ಒಪ್ಪಿದನು.

ಇವರನ್ನು ದ್ರೋಹಿಗಳೆಂದು ಹಳಿಯುವುದು ಸುಲಭ. ಆದರೆ ಹೈದರನು ಮದರಾಸನ್ನು ಹಿಡಿದಿದ್ದರೆ ಪುಣೆಗೂ ಹೈದರಾಬಾದಿಗೂ ನಿದ್ರೆ ಬರುತ್ತಿತ್ತೇ? ಕೃಷ್ಣೆಯ ದಕ್ಷಿಣದ ಸೀಮೆ ಯಾರದೆಂಬ ಹಳೆಯ ವ್ಯಾಜ್ಯವನ್ನು ಆ ಕೂಟವು ತೀರಿಸಿರಲಿಲ್ಲ, ಬದಿಗಿಟ್ಟಿತ್ತು ಅಷ್ಟೆ. 1969ರಲ್ಲಿ ಉಸ್ಸೂರಿ ನದಿಯ ಬಳಿ ಗುಂಡು ಹಾರಿಸಿಕೊಂಡ ರಷ್ಯನರೂ ಚೀನೀಯರೂ 2001ರಲ್ಲಿ ಸ್ನೇಹದ ಕರಾರು ಬರೆದುಕೊಂಡರು. ಅವರು ಮೊದಲು ವರ್ಷಗಟ್ಟಲೆ ಕುಳಿತು ಗಡಿಯ ಬಹುಭಾಗವನ್ನು ಗೊತ್ತುಮಾಡಿಕೊಂಡಿದ್ದರೆಂಬುದನ್ನು ಇಲ್ಲಿ ನೆನೆಯಬಹುದು. ನಮ್ಮವರಿಗೆ ಅಷ್ಟು ವ್ಯವಧಾನವಿರಲಿಲ್ಲ.

ಮುಂದಿನದು ತಮಗೆ ತಿಳಿದೇ ಇದೆ. 1786ರಲ್ಲಿ ಮರಾಠರೂ ನಿಜಾಮನೂ ಟಿಪ್ಪುವಿನ ಮೇಲೆ ಯುದ್ಧ ಹೂಡಿದರು. 1790ರಲ್ಲಿ ಇಬ್ಬರೂ ಇಂಗ್ಲಿಷರೊಡನೆ ಸೇರಿದರು. 1792ರಲ್ಲಿ ಮೈಸೂರಿನ ಅರ್ಧ ರಾಜ್ಯವನ್ನು ಮೂವರೂ ಹಂಚಿಕೊಂಡರು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು ದರಿಯಾ ದೌಲತ್ತಿನಲ್ಲಿಯೇ ಬಿಡಾರ ಮಾಡಿದನು, ಆ ಗೋಡೆಗಳ ನಡುವೆಯೇ. ಅಲ್ಲಿಂದ ನಾಲ್ಕು ವರ್ಷಗಳಿಗೆ ಅವನು ಅಸ್ಸಾಯಿಯಲ್ಲಿ ಸಿಂಧ್ಯ ಭೋಂಸ್ಲೆಯರ ಸೈನ್ಯವನ್ನು ಸೋಲಿಸಿದಾಗ ಮೈಸೂರಿನ ಕುದುರೆ ಸವಾರರು ಅವನ ಜೊತೆಯಲ್ಲಿದ್ದರು.